64 ಬಿಟ್ ವಿಂಡೋಸ್‌ನಲ್ಲಿ ಹಳೆಯ ಡಾಸ್ ಪ್ರೋಗ್ರಾಂ: ಡಾಸ್‌ಬಾಕ್ಸ್‌ನಲ್ಲಿ ರನ್‌ಟೈಮ್ ಎರರ್ 200, ಪ್ರಿಂಟ್ ಬರುತ್ತಿಲ್ಲ

ದಾಸ್ತಾನು_ಪುಸ್ತಕ ಕೇಳಿದ್ದು:

64 ಬಿಟ್ ವಿಂಡೋಸ್ 11 ಇರುವ ಯಂತ್ರದಲ್ಲಿ ಎರಡು ಹಳೆಯ ಡಾಸ್ ಪ್ರೋಗ್ರಾಂ ಓಡಿಸಬೇಕಾಗಿದೆ. ಒಂದು ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ದಾಸ್ತಾನು ಲೆಕ್ಕ. ಇನ್ನೊಂದು ಕ್ಲಿಪ್ಪರ್‌ನಲ್ಲಿ ಬರೆದ ಬಿಲ್ಲಿಂಗ್, ಅದರ ಡೇಟಾ ಡಿಬಿಎಫ್ ಎಂಬ ಕೋಷ್ಟಕ ರೂಪದ ಫೈಲುಗಳಲ್ಲಿದೆ. ಎರಡರದ್ದೂ ಸೋರ್ಸ್ ಕೋಡ್ ಇಲ್ಲ, ಹಾಗಾಗಿ ಹೊಸದಾಗಿ ಬರೆಸುವ ಮಾತು ಸದ್ಯಕ್ಕಿಲ್ಲ.

ನೇರವಾಗಿ ಡಬಲ್ ಕ್ಲಿಕ್ ಮಾಡಿದರೆ ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ ಎನ್ನುತ್ತದೆ. ಕಂಪ್ಯಾಟಿಬಿಲಿಟಿ ಮೋಡ್ ಹಾಕಿದರೂ ಅದೇ ಉತ್ತರ. ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ 0.74-3 ಹಾಕಿ ನೋಡಿದೆ. ಪ್ರೋಗ್ರಾಂ ತೆರೆಯಿತು, ಆದರೆ ವರದಿ ತೆಗೆಯುವಾಗ ಬಹಳ ನಿಧಾನ. ಅದರ ವೇಗದ ಸೆಟ್ಟಿಂಗ್ ಆದ ಸೈಕಲ್ಸ್ ಅನ್ನು ಮ್ಯಾಕ್ಸ್ ಮಾಡಿದ ಮೇಲೆ ದಾಸ್ತಾನು ಪ್ರೋಗ್ರಾಂ ಶುರುವಾಗುವಾಗಲೇ "ರನ್‌ಟೈಮ್ ಎರರ್ 200" ಎಂದು ನಿಂತುಬಿಡುತ್ತದೆ. ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಕೆಲವು ಮೆನುಗಳಿಗೆ ಹೋದರೆ "ಡಾಸ್ ಎರರ್ 4". ಪ್ರಿಂಟ್ ಕೊಟ್ಟರೆ ಪ್ರಿಂಟರ್ ರೆಡಿ ಇಲ್ಲ ಎನ್ನುತ್ತದೆ. ಇನ್ನೊಂದು ವಿಷಯ, ವಿಂಡೋಸ್ ಕಡೆಯಿಂದ ಫೋಲ್ಡರಿಗೆ ಹೊಸ ಫೈಲ್ ಹಾಕಿದರೆ ಡಾಸ್‌ಬಾಕ್ಸ್ ಒಳಗೆ ಅದು ಕಾಣುವುದಿಲ್ಲ. ತಿಳಿದವರು ಒಂದೊಂದಾಗಿ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಎಂಟು_ಬಿಟ್ ಉತ್ತರ:

ಮೊದಲು ಡಬಲ್ ಕ್ಲಿಕ್ ಯಾಕೆ ಆಗುವುದಿಲ್ಲ ಅಂತ ಹೇಳುತ್ತೇನೆ, ಇಲ್ಲದಿದ್ದರೆ ಸೆಟ್ಟಿಂಗ್ ಹುಡುಕುತ್ತಲೇ ಇರುತ್ತೀರಿ. 32 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂಗಳನ್ನು ಓಡಿಸುತ್ತಿದ್ದದ್ದು ಎನ್‌ಟಿವಿಡಿಎಂ ಎಂಬ ಭಾಗ. ಅದು ಪ್ರೊಸೆಸರಿನ ವರ್ಚುವಲ್ 8086 ಮೋಡ್ ಬಳಸುತ್ತಿತ್ತು. ಪ್ರೊಸೆಸರ್ 64 ಬಿಟ್ ಮೋಡಿಗೆ ಹೋದ ಮೇಲೆ ಆ ಸೌಲಭ್ಯ ಸಿಗುವುದಿಲ್ಲ. ಹಾಗಾಗಿ 64 ಬಿಟ್ ವಿಂಡೋಸ್‌ನಲ್ಲಿ ಎನ್‌ಟಿವಿಡಿಎಂ ಇಲ್ಲವೇ ಇಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೂ ಇಲ್ಲ. ಕಂಪ್ಯಾಟಿಬಿಲಿಟಿ ಮೋಡಿನಲ್ಲಿ ಎಷ್ಟು ಟಿಕ್ ಹಾಕಿದರೂ ಪ್ರಯೋಜನವಿಲ್ಲ. ಡಾಸ್‌ಬಾಕ್ಸ್‌ನಂಥ ಎಮ್ಯುಲೇಟರೇ ಸುಲಭದ ದಾರಿ.

ಇನ್ನು ಎರರ್ 200. ಸಂದೇಶ ಸೊನ್ನೆಯಿಂದ ಭಾಗಿಸಿದೆ ಎನ್ನುತ್ತದೆ, ನಿಜದಲ್ಲಿ ಅಲ್ಲಿ ಸೊನ್ನೆ ಇಲ್ಲ. ಟರ್ಬೊ ಪ್ಯಾಸ್ಕಲ್‌ನ ಸಿಆರ್‌ಟಿ ಯೂನಿಟ್ ಪ್ರೋಗ್ರಾಂ ಶುರುವಾಗುವಾಗ ಯಂತ್ರದ ವೇಗ ಅಳೆಯುತ್ತದೆ. ಗಡಿಯಾರದ ಒಂದು ಟಿಕ್, ಅಂದರೆ ಸುಮಾರು 55 ಮಿಲಿಸೆಕೆಂಡ್, ಮುಗಿಯುವುದರೊಳಗೆ ಒಂದು ಖಾಲಿ ಲೂಪ್ ಎಷ್ಟು ಸಲ ಸುತ್ತಿತು ಎಂದು ಎಣಿಸಿ, ಅದನ್ನು 55ರಿಂದ ಭಾಗಿಸಿ, ಒಂದು ಮಿಲಿಸೆಕೆಂಡಿಗೆ ಎಷ್ಟು ಸುತ್ತು ಎಂದು ಇಟ್ಟುಕೊಳ್ಳುತ್ತದೆ. ಡಿಲೇ ಎಂಬ ಪ್ರೊಸೀಜರಿಗೆ ಆ ಅಂಕಿ ಬೇಕು. ಭಾಗಲಬ್ಧ ಕೂರಬೇಕಾದದ್ದು 16 ಬಿಟ್ ರಿಜಿಸ್ಟರಿನಲ್ಲಿ, ಅದರ ಮಿತಿ 65535. ಎಣಿಕೆ 36 ಲಕ್ಷ ದಾಟಿದರೆ ಭಾಗಲಬ್ಧ ಅದರಲ್ಲಿ ಹಿಡಿಸುವುದಿಲ್ಲ. ಆಗ ಪ್ರೊಸೆಸರ್ ಎಬ್ಬಿಸುವ ಇಂಟರಪ್ಟ್, ಸೊನ್ನೆಯಿಂದ ಭಾಗಿಸಿದಾಗ ಬರುವ ಇಂಟರಪ್ಟೇ. ಪ್ಯಾಸ್ಕಲ್ ಎರಡಕ್ಕೂ 200 ಎಂದೇ ಬರೆಯುತ್ತದೆ. ಟರ್ಬೊ ಪ್ಯಾಸ್ಕಲ್ 7 ಬಂದ 1992ರಲ್ಲಿ ಅಷ್ಟು ವೇಗದ ಯಂತ್ರ ಇರಲಿಲ್ಲ, ಅಷ್ಟೇ ಕಾರಣ.

ಡಾಸ್‌ಬಾಕ್ಸ್‌ನ ಸೈಕಲ್ಸ್ ಅಂದರೆ ಒಂದು ಮಿಲಿಸೆಕೆಂಡಿನಲ್ಲಿ ಎಷ್ಟು ಇನ್‌ಸ್ಟ್ರಕ್ಷನ್ ನಡೆಸಬೇಕು ಎಂಬ ಸಂಖ್ಯೆ. ಒಂದು ಸುತ್ತಿಗೆ ಕನಿಷ್ಠ ಒಂದು ಇನ್‌ಸ್ಟ್ರಕ್ಷನ್ ಬೇಕೇ ಬೇಕು. ಆದ್ದರಿಂದ ಸೈಕಲ್ಸ್ 65000ಕ್ಕಿಂತ ಕೆಳಗಿದ್ದರೆ ಈ ಎರರ್ ಬರಲು ಸಾಧ್ಯವೇ ಇಲ್ಲ. ಆ ಲೂಪಿನಲ್ಲಿ ಇನ್‌ಸ್ಟ್ರಕ್ಷನ್‌ಗಳು ಒಂದಕ್ಕಿಂತ ಹೆಚ್ಚೇ ಇರುವುದರಿಂದ ನಿಜವಾದ ಗಡಿ ಇನ್ನೂ ಮೇಲಿದೆ. ಡೀಫಾಲ್ಟ್ ಇರುವುದು 3000, ಅದಕ್ಕೇ ನಿಮಗೆ ನಿಧಾನ ಅನ್ನಿಸಿದ್ದು. 486ರ ಮಟ್ಟಕ್ಕೆ 25000ದ ಆಸುಪಾಸು ಸಾಕು, ಲೆಕ್ಕಪತ್ರದ ಪ್ರೋಗ್ರಾಂಗೆ ಅದು ಧಾರಾಳ.

ಮಾಡಬೇಕಾದದ್ದು ಹೀಗೆ (ಕಮಾಂಡುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ). ಸ್ಟಾರ್ಟ್ ಮೆನುವಿನಲ್ಲಿ ಡಾಸ್‌ಬಾಕ್ಸ್ ಆಪ್ಷನ್ಸ್ ಎಂಬ ಶಾರ್ಟ್‌ಕಟ್ ಇದೆ, ಅದು ಕಾನ್ಫಿಗ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ಸಿಪಿಯು ವಿಭಾಗದಲ್ಲಿ

ಸೈಕಲ್ಸ್=ಫಿಕ್ಸ್ಡ್ 25000

ಎಂದು ಬರೆಯಿರಿ. ಫಿಕ್ಸ್ಡ್ ಮತ್ತು ಅಂಕಿಯ ನಡುವೆ ಒಂದು ಸ್ಪೇಸ್ ಇರಲಿ. ಫೈಲಿನ ಕೊನೆಯಲ್ಲಿ ಆಟೊಎಕ್ಸೆಕ್ ವಿಭಾಗ ಇದೆ. ಅಲ್ಲಿ ಒಂದೊಂದು ಸಾಲಿನಲ್ಲಿ: ಮೌಂಟ್ ಸಿ ಡಿ:\ಡಾಸ್‌ವರ್ಕ್ (ಆ ಫೋಲ್ಡರನ್ನು ಡಾಸ್‌ಬಾಕ್ಸ್ ಒಳಗೆ ಸಿ ಡ್ರೈವಾಗಿ ತೋರಿಸುವ ಸಾಲು), ಆಮೇಲೆ ಸಿ:, ಆಮೇಲೆ ಸಿಡಿ ಸ್ಟಾಕ್, ಕೊನೆಗೆ ಪ್ರೋಗ್ರಾಂ ಹೆಸರು. ಓಡುತ್ತಿರುವಾಗಲೇ ವೇಗ ಪರೀಕ್ಷಿಸಲು ಕಂಟ್ರೋಲ್ ಜೊತೆ ಎಫ್12 ಒತ್ತಿದರೆ ಪ್ರತಿ ಸಲ ಶೇ. 10 ಏರುತ್ತದೆ, ಕಂಟ್ರೋಲ್ ಜೊತೆ ಎಫ್11 ಶೇ. 20 ಇಳಿಸುತ್ತದೆ. ಕಿಟಕಿಯ ಮೇಲ್ಪಟ್ಟಿಯಲ್ಲಿ ಈಗಿನ ಅಂಕಿ ಕಾಣುತ್ತದೆ. ಹಿತವೆನಿಸಿದ ಅಂಕಿಯನ್ನು ಕಾನ್ಫಿಗ್‌ಗೆ ಸೇರಿಸಿಕೊಳ್ಳಿ. ಮೌಸ್ ಒಳಗೆ ಸಿಕ್ಕಿಹಾಕಿಕೊಂಡರೆ ಕಂಟ್ರೋಲ್ ಎಫ್10.

ವಿಂಡೋಸ್‌ನ ಇಡೀ ಸಿ ಡ್ರೈವನ್ನೇ ಮೌಂಟ್ ಮಾಡಬೇಡಿ, ಡಾಸ್‌ಬಾಕ್ಸ್ ಕೂಡ ಬೇಡವೆಂದೇ ಎಚ್ಚರಿಸುತ್ತದೆ. ಬೇರೆ ಫೋಲ್ಡರ್ ಮಾಡಿ, ಹೆಸರು ಎಂಟು ಇಂಗ್ಲಿಷ್ ಅಕ್ಷರದೊಳಗೆ, ಸ್ಪೇಸ್ ಇಲ್ಲದೆ ಇರಲಿ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್ ಡಾಸ್‌ಬಾಕ್ಸಿಗೆ ಸಿಗುವುದಿಲ್ಲ. ಅದು ಹಳೆಯ ಕೋಡ್‌ಪೇಜ್ ಮೂಲಕ ಹೆಸರು ಓದುತ್ತದೆ, ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಕೋಡ್‌ಪೇಜ್ ಇಲ್ಲ, ಯೂನಿಕೋಡ್ ಮಾತ್ರ. ದಾರಿಯಲ್ಲಿರುವ ಮೇಲಿನ ಫೋಲ್ಡರುಗಳಿಗೂ ಇದು ಅನ್ವಯಿಸುತ್ತದೆ.

ಹೊಸ ಫೈಲ್ ಕಾಣದಿರುವುದು ದೋಷವಲ್ಲ. ಡಾಸ್‌ಬಾಕ್ಸ್ ಡೈರೆಕ್ಟರಿ ಪಟ್ಟಿಯನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ರೀಸ್ಕ್ಯಾನ್ ಎಂಬ ಕಮಾಂಡ್ ಕೊಡಿ, ಅಥವಾ ಕಂಟ್ರೋಲ್ ಎಫ್4 ಒತ್ತಿ.

ಕಪ್ಪು_ರಿಬ್ಬನ್ ಉತ್ತರ:

ಮೇಲಿನದ್ದೆಲ್ಲ ಸರಿ, ಆದರೆ ಪ್ರಿಂಟ್ ಬೇಕಿದ್ದರೆ ಮೂಲ ಡಾಸ್‌ಬಾಕ್ಸನ್ನು ಬಿಟ್ಟುಬಿಡಿ. ಅದನ್ನು ಕಟ್ಟಿರುವುದು ಆಟಗಳಿಗಾಗಿ, 0.74-3ರಲ್ಲಿ ಪ್ರಿಂಟರ್ ಸೇರಿಸುವ ಪ್ಯಾರಲಲ್ ಪೋರ್ಟೇ ಇಲ್ಲ. ಪ್ರೋಗ್ರಾಂ ಎಲ್‌ಪಿಟಿ1ಕ್ಕೆ (ಡಾಸ್‌ನಲ್ಲಿ ಮೊದಲ ಪ್ಯಾರಲಲ್ ಪೋರ್ಟಿನ ಹೆಸರು) ಬರೆಯಲು ಹೋದರೆ ಆ ಕಡೆ ಯಾರೂ ಇರುವುದಿಲ್ಲ. ಡಾಸ್‌ಬಾಕ್ಸ್-ಎಕ್ಸ್ ಹಾಕಿ. ಅದೇ ಮೂಲದಿಂದ ಕವಲೊಡೆದದ್ದು, ಕಾನ್ಫಿಗ್ ಫೈಲಿನ ರೂಪವೂ ಬಹುಮಟ್ಟಿಗೆ ಅದೇ. ಹಿಂದಿನ ಉತ್ತರದ ಸೈಕಲ್ಸ್ ಮತ್ತು ಮೌಂಟ್ ಸಾಲುಗಳನ್ನು ಹಾಗೆಯೇ ತಂದುಕೊಳ್ಳಬಹುದು.

ಪ್ಯಾರಲಲ್ ವಿಭಾಗದಲ್ಲಿ ಪ್ಯಾರಲಲ್1=ಪ್ರಿಂಟರ್ ಎಂದು ಹಾಕಿ. ಪ್ರಿಂಟರ್ ವಿಭಾಗದಲ್ಲಿ ಪ್ರಿಂಟ್‌ಔಟ್‌ಪುಟ್=ಪ್ರಿಂಟರ್ ಎಂದರೆ ವಿಂಡೋಸ್ ಪ್ರಿಂಟರಿಗೆ ಹೋಗುತ್ತದೆ, ಪಿಎನ್‌ಜಿ ಎಂದರೆ ಪುಟಗಳು ಚಿತ್ರಗಳಾಗಿ ಉಳಿಯುತ್ತವೆ. ಮೊದಲ ದಿನ ಪಿಎನ್‌ಜಿ ಇಟ್ಟು ನೋಡಿ, ಕಾಗದ ಉಳಿಯುತ್ತದೆ. ಅಗಲ ಎತ್ತರದ ಅಂಕಿಗಳು ಇಂಚಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿವೆ. ಡೀಫಾಲ್ಟ್ 85 ಮತ್ತು 110, ಅದು ಲೆಟರ್ ಕಾಗದ. ಎ4 ಆದರೆ 83 ಮತ್ತು 117 ಮಾಡಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಪುಟದ ಕೊನೆಯ ಸಾಲುಗಳು ಮುಂದಿನ ಪುಟಕ್ಕೆ ಜಾರುತ್ತವೆ.

ಎಲ್ಲರೂ ಎಡವುವ ಜಾಗ ಟೈಮ್‌ಔಟ್. ಡೀಫಾಲ್ಟ್ ಸೊನ್ನೆ, ಅಂದರೆ ಪ್ರೋಗ್ರಾಂ ಫಾರ್ಮ್ ಫೀಡ್ (ಪುಟ ಹೊರಹಾಕು ಎಂಬ ಸಂಕೇತ) ಕಳಿಸುವ ತನಕ ಅಥವಾ ಪುಟ ತುಂಬುವ ತನಕ ಪುಟ ಹೊರಬರುವುದಿಲ್ಲ. ನಿರಂತರ ಕಾಗದಕ್ಕೆ ಬರೆದ ಎಷ್ಟೋ ಬಿಲ್ಲಿಂಗ್ ಪ್ರೋಗ್ರಾಂಗಳು ಫಾರ್ಮ್ ಫೀಡ್ ಕಳಿಸುವುದೇ ಇಲ್ಲ. ಬಿಲ್ಲು ಮುಗಿದ ಮೇಲೆ ನಾಲ್ಕಾರು ಖಾಲಿ ಸಾಲು ಕೊಟ್ಟು ನಿಲ್ಲುತ್ತವೆ. ಹಾಗಾದಾಗ ಅರ್ಧ ಪುಟ ಒಳಗೇ ಉಳಿದು ಮುಂದಿನ ಬಿಲ್ಲಿಗೆ ಅಂಟಿಕೊಂಡು ಬರುತ್ತದೆ. ಟೈಮ್‌ಔಟ್=3000 ಕೊಟ್ಟರೆ 3 ಸೆಕೆಂಡ್ ಡೇಟಾ ಬರದಿದ್ದಾಗ ಪುಟ ತಾನಾಗಿ ಹೊರಬೀಳುತ್ತದೆ. ದೊಡ್ಡ ವರದಿಯನ್ನು ಲೆಕ್ಕ ಹಾಕುತ್ತಾ ಹಾಕುತ್ತಾ ಮುದ್ರಿಸುವ ಪ್ರೋಗ್ರಾಂ ಆದರೆ ನಡುವೆ ಬಿಡುವು ಹೆಚ್ಚಿರುತ್ತದೆ, ಪುಟ ಅರ್ಧಕ್ಕೆ ತುಂಡಾಗುತ್ತಿದ್ದರೆ 8000ಕ್ಕೆ ಏರಿಸಿ.

ಒಳಗಿರುವ ಪ್ರಿಂಟರ್ ಎಪ್ಸನ್ ಇಎಸ್‌ಸಿ/ಪಿ ಭಾಷೆ ಬಲ್ಲದು. 132 ಕಾಲಂ ವರದಿಗೆ ಪ್ರೋಗ್ರಾಂ ಕಳಿಸುವ ಕಂಡೆನ್ಸ್ಡ್ ಕೋಡ್ (ಅಕ್ಷರ ಸಂಖ್ಯೆ 15) ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ನಿಮ್ಮ ಬಳಿ ಇರುವುದು ನಿಜವಾದ ಡಾಟ್ ಮ್ಯಾಟ್ರಿಕ್ಸ್ ಆದರೆ ಈ ದಾರಿ ಬೇಡ. ಅಕ್ಷರಗಳೆಲ್ಲ ಚಿತ್ರವಾಗಿ ಹೋಗುವುದರಿಂದ ಒಂದು ಪುಟಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಪ್ಯಾರಲಲ್1=ಫೈಲ್ ಎಂದು ಮಾಡಿ, ಬಂದ ಫೈಲನ್ನು ವಿಂಡೋಸ್‌ನ ಕಾಪಿ ಕಮಾಂಡಿನಲ್ಲಿ /ಬಿ ಸೇರಿಸಿ ಶೇರ್ ಮಾಡಿದ ಪ್ರಿಂಟರಿಗೆ ಕಳಿಸಿ. ಬೈಟುಗಳು ಇದ್ದ ಹಾಗೇ ಹೋಗುತ್ತವೆ, ಪ್ರಿಂಟರ್ ತನ್ನ ಅಕ್ಷರದಲ್ಲೇ ಸರಸರನೆ ಹೊಡೆಯುತ್ತದೆ.

ಡಾಸ್ ಎರರ್ 4 ಎಂದರೆ ತೆರೆದ ಫೈಲುಗಳು ಮಿತಿ ಮೀರಿವೆ ಎಂದರ್ಥ. ಪ್ರತಿ ಡಿಬಿಎಫ್ ಜೊತೆ ಒಂದೆರಡು ಇಂಡೆಕ್ಸ್ ಫೈಲ್ ತೆರೆದುಕೊಳ್ಳುತ್ತದಲ್ಲ, ಬೇಗ ತುಂಬಿಬಿಡುತ್ತದೆ. ಆಟೊಎಕ್ಸೆಕ್‌ನಲ್ಲಿ ಪ್ರೋಗ್ರಾಂ ಹೆಸರಿಗೆ ಮುಂಚೆ ಸೆಟ್ ಕ್ಲಿಪ್ಪರ್=ಎಫ್:80 ಎಂದು ಒಂದು ಸಾಲು ಸೇರಿಸಿ. ಇದು ಕ್ಲಿಪ್ಪರ್ 5ರ ರೀತಿ.

ಅಕ್ಷರ ಮಸುಕಾಗಿದ್ದರೆ ಔಟ್‌ಪುಟ್=ಟಿಟಿಎಫ್ ಮಾಡಿ. ಪಠ್ಯದ ಪರದೆಗಳನ್ನು ಡಾಸ್‌ಬಾಕ್ಸ್-ಎಕ್ಸ್ ಆಗ ಟ್ರೂಟೈಪ್ ಅಕ್ಷರದಲ್ಲಿ ಬಿಡಿಸುತ್ತದೆ. ದಿನವಿಡೀ ಎಂಟ್ರಿ ಮಾಡುವವರ ಕಣ್ಣಿಗೆ ಇದು ದೊಡ್ಡ ನೆಮ್ಮದಿ.

ಡಿಬಿಎಫ್_ದುರಸ್ತಿ ಉತ್ತರ:

ಇಬ್ಬರೂ ಡೇಟಾದ ಸುರಕ್ಷತೆ ಬಗ್ಗೆ ಬರೆಯಲಿಲ್ಲ, ಅದನ್ನು ಸೇರಿಸುತ್ತೇನೆ. ಪ್ರೋಗ್ರಾಂ ತೆರೆದಿರುವಾಗ ಎಮ್ಯುಲೇಟರಿನ ಕಿಟಕಿಯನ್ನು ಮೂಲೆಯ ಗುರುತು ಒತ್ತಿ ಮುಚ್ಚಬೇಡಿ. ಅದು ಓಡುತ್ತಿರುವ ಕಂಪ್ಯೂಟರಿನ ಕರೆಂಟ್ ಕಿತ್ತಂತೆ. ಪ್ರೋಗ್ರಾಂ ಮೆನುವಿನಿಂದ ಹೊರಬಂದು, ಪ್ರಾಂಪ್ಟಿನಲ್ಲಿ ಎಕ್ಸಿಟ್ ಕೊಡಿ. ಇದನ್ನೂ ಆಟೊಎಕ್ಸೆಕ್‌ನ ಕೊನೆಯ ಸಾಲಾಗಿ ಇಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ.

ಕಾರಣ ಡಿಬಿಎಫ್‌ನ ಹೆಡರ್. ಫೈಲಿನ ಮೊದಲ 32 ಬೈಟುಗಳಲ್ಲಿ, ಸೊನ್ನೆಯಿಂದ ಎಣಿಸಿದರೆ 4ರಿಂದ 7ನೇ ಬೈಟ್ ತನಕ ಒಟ್ಟು ದಾಖಲೆಗಳ ಸಂಖ್ಯೆ, 8 ಮತ್ತು 9ರಲ್ಲಿ ಹೆಡರಿನ ಉದ್ದ, 10 ಮತ್ತು 11ರಲ್ಲಿ ಒಂದು ದಾಖಲೆಯ ಉದ್ದ ಇರುತ್ತದೆ. ಹೊಸ ದಾಖಲೆ ಫೈಲಿನ ಕೊನೆಗೆ ಸೇರಿದರೂ ಮೇಲಿನ ಸಂಖ್ಯೆ ಫೈಲ್ ಮುಚ್ಚುವಾಗ ಬದಲಾಗಬಹುದು. ನಡುವೆ ನಿಂತರೆ ದಾಖಲೆ ಡಿಸ್ಕಿನಲ್ಲಿ ಇದ್ದೂ ಪ್ರೋಗ್ರಾಂಗೆ ಕಾಣುವುದಿಲ್ಲ. ಪರೀಕ್ಷೆ ಸುಲಭ. 10 ಕಾಲಂ ಇರುವ ಫೈಲಿನ ಹೆಡರ್ 353 ಬೈಟ್, ದಾಖಲೆ 80 ಬೈಟ್, ಸಂಖ್ಯೆ 1200 ಎಂದಿದ್ದರೆ ಫೈಲಿನ ಗಾತ್ರ 353 + 96000 + ಕೊನೆಯ ಗುರುತಿಗೆ 1, ಒಟ್ಟು 96354 ಇರಬೇಕು. ಗಾತ್ರ 96594 ಇದ್ದರೆ 240 ಬೈಟ್ ಹೆಚ್ಚು, ಅಂದರೆ ಮೂರು ದಾಖಲೆ ಲೆಕ್ಕಕ್ಕೆ ಬಿಟ್ಟುಹೋಗಿವೆ. ಕ್ಲಿಪ್ಪರ್ ಸೃಷ್ಟಿಸಿದ ಹೆಡರ್ ಒಂದೆರಡು ಬೈಟ್ ಉದ್ದವಿರಬಹುದು, 8ನೇ ಬೈಟಿನಿಂದ ಬರೆದಿರುವ ಅಂಕಿಯನ್ನೇ ಹಿಡಿಯಿರಿ. ನಕಲು ಪ್ರತಿಯ ಮೇಲೆ ಹೆಕ್ಸ್ ಎಡಿಟರಿನಲ್ಲಿ 1200 ಅನ್ನು 1203 ಮಾಡಿದರೆ ಅವು ವಾಪಸ್ ಬರುತ್ತವೆ. ಕೊನೆಯ ಸ್ಥಾನದ ಬೈಟ್ ಮೊದಲು ಬರುತ್ತದೆ: 1203 ಅಂದರೆ ಹೆಕ್ಸ್‌ನಲ್ಲಿ 4ಬಿ3, ಬರೆಯುವುದು ಬಿ3 04 00 00 ಎಂದು. ಆಮೇಲೆ ಪ್ರೋಗ್ರಾಂನ ರೀಇಂಡೆಕ್ಸ್ ಮೆನು ಓಡಿಸಲೇಬೇಕು, ಎನ್‌ಟಿಎಕ್ಸ್ ಎಂಬ ಇಂಡೆಕ್ಸ್ ಫೈಲುಗಳಿಗೆ ಈ ಮೂರರ ಸುದ್ದಿ ಗೊತ್ತಿರುವುದಿಲ್ಲ.

ಡಾಸ್‌ವರ್ಕ್ ಫೋಲ್ಡರನ್ನು ಕ್ಲೌಡ್ ಸಿಂಕ್ ಆಗುವ ಜಾಗದಲ್ಲಿ ಇಡಬೇಡಿ. ಕೆಲಸ ಮುಗಿದ ಮೇಲೆ ಇಡೀ ಫೋಲ್ಡರನ್ನು ಜಿಪ್ ಮಾಡಿ, ಆ ಜಿಪ್ಪನ್ನು ಅಲ್ಲಿಗೆ ಹಾಕಿ. ಒಂದೇ ಫೋಲ್ಡರನ್ನು ಎರಡು ಯಂತ್ರಗಳಿಂದ ಮೂಲ ಡಾಸ್‌ಬಾಕ್ಸ್‌ನಲ್ಲಿ ಒಟ್ಟಿಗೆ ತೆರೆಯುವುದಂತೂ ಬೇಡವೇ ಬೇಡ, ಅದರ ಫೈಲ್ ಲಾಕಿಂಗ್ ನಂಬುವಂಥದ್ದಲ್ಲ.

ದಾಸ್ತಾನು_ಪುಸ್ತಕ:

ಎಲ್ಲರಿಗೂ ಧನ್ಯವಾದ. ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ 25000ಕ್ಕೆ ಎರಡೂ ಓಡಿದವು, ಎಫ್:80 ಹಾಕಿದ ಮೇಲೆ ಎರರ್ 4 ಇಲ್ಲ. ಪ್ರಿಂಟ್ ಪಿಎನ್‌ಜಿಯಲ್ಲಿ ಸರಿ ಬಂತು. ಎರಡು ಪ್ರಶ್ನೆ ಉಳಿದಿವೆ. ರಾತ್ರಿಯಿಡೀ ತೆರೆದಿಟ್ಟರೆ ಬಿಲ್ಲಿನ ದಿನಾಂಕ ತಪ್ಪುತ್ತದೆಯೇ? ಇದರ ಬದಲು ವರ್ಚುವಲ್‌ಬಾಕ್ಸ್ ಎಂಬ ವರ್ಚುವಲ್ ಯಂತ್ರದಲ್ಲಿ ಫ್ರೀಡಾಸ್ (ಉಚಿತ ಡಾಸ್) ಹಾಕುವುದು ಉತ್ತಮವೇ?

ಎಂಟು_ಬಿಟ್:

ದಿನಾಂಕ: ಎಮ್ಯುಲೇಟರ್ ಶುರುವಾದಾಗ ವಿಂಡೋಸ್‌ನಿಂದ ದಿನಾಂಕ ಪಡೆದು ಆಮೇಲೆ ತನ್ನದೇ ಎಣಿಕೆಯಲ್ಲಿ ಸಾಗುತ್ತದೆ, ಯಂತ್ರ ನಿದ್ರೆಗೆ ಹೋದರೆ ಹಿಂದೆ ಬೀಳುತ್ತದೆ. ಪ್ರಾಂಪ್ಟಿನಲ್ಲಿ ಡೇಟ್ /ಎಚ್ ಕೊಟ್ಟರೆ ವಿಂಡೋಸ್‌ಗೆ ಹೊಂದಿಕೊಳ್ಳುತ್ತದೆ. ದಿನಾ ಮುಚ್ಚಿ ತೆರೆಯುವುದೇ ಒಳ್ಳೆಯದು, ಮೇಲೆ ಹೇಳಿದ ಹೆಡರ್ ಕಾರಣಕ್ಕೂ.

ವರ್ಚುವಲ್‌ಬಾಕ್ಸ್ ನಿಮ್ಮ ಕೆಲಸಕ್ಕೆ ಒಗ್ಗುವುದಿಲ್ಲ. ಅದು ಪ್ರೊಸೆಸರನ್ನು ಅನುಕರಿಸುವುದಿಲ್ಲ, ಇರುವ ಪ್ರೊಸೆಸರಿನ ಮೇಲೆಯೇ ಕೋಡ್ ಓಡಿಸುತ್ತದೆ. ಸೈಕಲ್ಸ್‌ನಂಥ ಕಡಿವಾಣ ಇಲ್ಲದ್ದರಿಂದ ಎರರ್ 200 ಮತ್ತೆ ಎದುರಾಗುತ್ತದೆ. ಆಗ ಇಎಕ್ಸ್‌ಇ ಫೈಲನ್ನೇ ಪ್ಯಾಚ್ ಮಾಡಬೇಕು, ಅದು ಪಿಕೆಲೈಟ್‌ನಲ್ಲಿ ಕುಗ್ಗಿಸಿದ ಫೈಲಾದರೆ ಮೊದಲು ಬಿಚ್ಚಬೇಕು. ಡಾಸ್ ಸುಮ್ಮನೆ ಕೀ ಕಾಯುವಾಗಲೂ ಒಂದು ಕೋರ್ ಪೂರ್ತಿ ತಿನ್ನುತ್ತದೆ, ಅದಕ್ಕೆ ಫ್ರೀಡಾಸ್‌ನಲ್ಲಿ ಎಫ್‌ಡಿಎಪಿಎಂ ಎಪಿಎಂಡಾಸ್ ಎಂಬ ಕಮಾಂಡ್ ಬೇರೆ ಕೊಡಬೇಕು. ಫೈಲುಗಳೂ ಡಿಸ್ಕ್ ಇಮೇಜಿನೊಳಗೆ ಕೂರುತ್ತವೆ, ಬ್ಯಾಕಪ್‌ಗೆ ಈಗಿನ ಹಾಗೆ ಫೋಲ್ಡರ್ ಜಿಪ್ ಮಾಡಲಾಗುವುದಿಲ್ಲ. ಎಆರ್‌ಎಂ ಪ್ರೊಸೆಸರಿನ ಯಂತ್ರ ಬಂದರೆ ಆ ದಾರಿಯೇ ಮುಚ್ಚುತ್ತದೆ. ಅಲ್ಲಿ ಇಂಟೆಲ್ ಕೋಡಿಗೆ ಕ್ಯೂಎಮು ಅಥವಾ ಡಾಸ್‌ಬಾಕ್ಸ್‌ನಂಥ ನಿಜವಾದ ಎಮ್ಯುಲೇಟರೇ ಬೇಕು. ನಿಮ್ಮ ಈಗಿನ ಕಾನ್ಫಿಗ್ ಫೈಲನ್ನೂ ಡಾಸ್‌ವರ್ಕ್ ಫೋಲ್ಡರನ್ನೂ ಅಲ್ಲಿಗೆ ಒಯ್ದು, ಮೌಂಟ್ ಸಾಲನ್ನೂ ಪ್ರಿಂಟರ್ ಸಾಲುಗಳನ್ನೂ ಆ ಯಂತ್ರಕ್ಕೆ ತಕ್ಕಂತೆ ತಿದ್ದಿದರೆ ಸಾಕು.