ಎಲ್‌ಡಿಆರ್ ಒಳಗಿನ ಕ್ಯಾಡ್ಮಿಯಂ ಸಲ್ಫೈಡ್: ಶಾಲೆಯ ಲ್ಯಾಬಿನಲ್ಲಿ ಮಾಡಿ ತೋರಿಸಬಹುದಾ?

ಪ್ರಶ್ನೆ: ಸರ್, ನಾನು ಹೈಸ್ಕೂಲಿನ ವಿಜ್ಞಾನ ಟೀಚರ್. ಕತ್ತಲಾದರೆ ತಾನೇ ಹೊತ್ತಿಕೊಳ್ಳುವ ಬೀದಿದೀಪದ ಮಾಡೆಲ್‌ಗೆ ಎಲ್‌ಡಿಆರ್ (ಬೆಳಕು ಬಿದ್ದಷ್ಟೂ ವಿದ್ಯುತ್ ರೋಧ ಕಡಿಮೆಯಾಗುವ ಪುಟ್ಟ ಬಿಡಿಭಾಗ) ಬಳಸ್ತಿದ್ದೇವೆ. ಅದರಲ್ಲಿರೋದು ಕ್ಯಾಡ್ಮಿಯಂ ಸಲ್ಫೈಡ್ ಅಂತ ಓದಿದೆ. ಲ್ಯಾಬಿನ ಬೀರುವಿನಲ್ಲಿ ಹಳೇ ಕ್ಯಾಡ್ಮಿಯಂ ಕ್ಲೋರೈಡ್ ಬಾಟಲಿ ಇದೆ. ಮಕ್ಕಳೆದುರು ತಯಾರಿಸಿ ತೋರಿಸಲಾ?

ಉತ್ತರ: ಬೇಡ ಮೇಡಂ. ಮಾಡೋದೇನೋ ಸುಲಭ. ಕ್ಯಾಡ್ಮಿಯಂ ಲವಣದ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸಿದರೆ ಹಳದಿ ಪ್ರಕ್ಷೇಪ ತಳಕ್ಕೆ ಕೂರುತ್ತೆ, ಅಷ್ಟೇ. ಆದರೆ ಕ್ಯಾಡ್ಮಿಯಂ ವಿಷ, ಆ ಅನಿಲವೂ ವಿಷ. ಸಲ್ಫೈಡ್ ನೀರಿನಲ್ಲಿ ಕರಗೋದಿಲ್ಲ ಅನ್ನುವಷ್ಟು ಕಡಿಮೆ. ಕ್ಲೋರೈಡ್ ಸಲೀಸಾಗಿ ಕರಗುತ್ತೆ, ಮೈಗೂ ಸುಲಭವಾಗಿ ಸೇರುತ್ತೆ. ಹಾಗಾಗಿ ನಿಮ್ಮ ಎಲ್‌ಡಿಆರ್‌ಗಿಂತ ಆ ಬಾಟಲಿಗೇ ನಾನು ಹೆಚ್ಚು ಹೆದರ್ತೀನಿ. ಕ್ಯಾಡ್ಮಿಯಂ ಮೂತ್ರಪಿಂಡ ಸೇರಿದರೆ ದಶಕಗಟ್ಟಲೆ ಹೊರಗೆ ಹೋಗೋದಿಲ್ಲ. ಜಪಾನಿನ ಜಿಂಜು ನದಿಗೆ ಗಣಿಯಿಂದ ಹರಿದ ಕ್ಯಾಡ್ಮಿಯಂ ಅನ್ನದ ಮೂಲಕ ಜನರ ಮೈ ಸೇರಿ, ಮೂಳೆಗಳೇ ಮುರಿಯುವ ‘ಇತಾಯ್-ಇತಾಯ್’ ರೋಗ ಬಂತು. ಬಾಟಲಿ ತೆರೆಯಬೇಡಿ, ಸಿಂಕಿಗಂತೂ ಸುರಿಯಲೇಬೇಡಿ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಒಪ್ಪಿಸಿ.

ಇನ್ನೊಂದು ಮಾತು. ಹಾಗೆ ಬಂದ ಪುಡಿ ನೇರವಾಗಿ ಎಲ್‌ಡಿಆರ್ ಆಗೋದಿಲ್ಲ. ಇದರ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಬಿಡಿಸಿಕೊಂಡು ಓಡಾಡಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 2.4 ಎಲೆಕ್ಟ್ರಾನ್ ವೋಲ್ಟ್. ನೀಲಿ ಬೆಳಕನ್ನು ಹೀರಿಕೊಳ್ಳುತ್ತೆ, ಅದಕ್ಕೇ ಹಳದಿ ಕಾಣೋದು. ಕಾರ್ಖಾನೆಯಲ್ಲಿ ಅತ್ಯಲ್ಪ ತಾಮ್ರ, ಕ್ಲೋರಿನ್ ಸೇರಿಸಿ ಬಿಸಿಯಲ್ಲಿ ಬೇಯಿಸ್ತಾರೆ. ಬೆಳಕು ಬಿದ್ದಾಗ ಹುಟ್ಟುವ ಹೋಲ್‌ಗಳನ್ನು (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳನ್ನು) ತಾಮ್ರ ಹಿಡಿದಿಟ್ಟುಕೊಳ್ಳುತ್ತೆ, ಎಲೆಕ್ಟ್ರಾನ್‌ಗಳು ಹೆಚ್ಚು ಹೊತ್ತು ಓಡಾಡಿಕೊಂಡಿರುತ್ತವೆ. ಕತ್ತಲಲ್ಲಿ ಮೆಗಾಓಮ್ ಇದ್ದ ರೋಧ ಒಳ್ಳೇ ಬೆಳಕಲ್ಲಿ ಕೆಲವು ನೂರು ಓಮ್‌ಗೆ ಇಳಿಯೋದು ಹೀಗೆ. ಎಲ್‌ಡಿಆರ್ ತಲೆಯ ಮೇಲಿನ ಹಾವಿನಂಥ ಪಟ್ಟಿಯೇ ಆ ಪದರ.

ಪ್ರಶ್ನೆ: ಹಾಗಾದ್ರೆ ಈಗಿರೋ ಎಲ್‌ಡಿಆರ್‌ಗಳನ್ನೂ ಎಸೆಯಬೇಕಾ ಸರ್?

ಉತ್ತರ: ಬೇಕಿಲ್ಲ. ಮೇಲೆ ಲೇಪನ ಇರುತ್ತೆ. ಮುಟ್ಟೋದು, ಕಾಲುಗಳಿಗೆ ಸೋಲ್ಡರ್ ಮಾಡೋದು ಭಯವಿಲ್ಲ. ಉಜ್ಜಬಾರದು, ಸುಡಬಾರದು, ಆಸಿಡ್‌ಗೆ ಹಾಕಬಾರದು. ಒಡೆದರೆ ಪೊರಕೆ ಆಡಿಸದೆ ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಇ-ತ್ಯಾಜ್ಯಕ್ಕೆ ಕೊಡಿ.

ಮತ್ತೊಬ್ಬ ಸದಸ್ಯರು: ಸೋಲಾರ್ ಪ್ಯಾನೆಲ್‌ನಲ್ಲೂ ಇದೇ ಇರುತ್ತಾ ಸರ್?

ಉತ್ತರ: ಮನೆ ಮೇಲಿನವು ಬಹುಪಾಲು ಸಿಲಿಕಾನ್. ಕ್ಯಾಡ್ಮಿಯಂ ಟೆಲ್ಯುರೈಡ್ ಪ್ಯಾನೆಲ್ ಬೇರೆ ಜಾತಿ. ಅವುಗಳ ಹಳೇ ವಿನ್ಯಾಸದಲ್ಲಿ ಈ ಸಲ್ಫೈಡಿನ ತೆಳು ಪದರ ಇರುತ್ತಿತ್ತು. ಮೇಡಂ, ಮುಂದಿನ ಸಲಕ್ಕೆ ಎಲ್‌ಡಿಆರ್ ಬದಲು ಫೋಟೋಟ್ರಾನ್ಸಿಸ್ಟರ್ (ಬೆಳಕಿಗೆ ಸ್ಪಂದಿಸುವ ಸಿಲಿಕಾನ್ ಬಿಡಿಭಾಗ) ತರಿಸಿ. ಅದರ ಕಾಲು ಅದಲುಬದಲು ಮಾಡುವಂತಿಲ್ಲ, ಸರ್ಕ್ಯೂಟಿನ ರೆಸಿಸ್ಟರ್ ಬೆಲೆಯೂ ಬದಲಿಸಬೇಕಾದೀತು.