ಪದ ಬೇಕು: ಪ್ರೊಟೆಕ್ಷನಿಸಂ, ನಾನ್-ಟ್ಯಾರಿಫ್ ಬ್ಯಾರಿಯರ್ (ನಾಳೆ ಅಚ್ಚಿಗೆ)

ಕಲಬುರಗಿಯಿಂದ:
ಶರಣು ಎಲ್ಲರಿಗೂ. ತೊಗರಿ ಬೆಳೆಗಾರರಿಗೆ ಒಂದು ಕರಪತ್ರ ಮಾಡುತ್ತಿದ್ದೇನೆ, ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು. ಪ್ರೊಟೆಕ್ಷನಿಸಂಗೆ (ಹೊರಗಿನ ಮಾಲಿನ ಪೈಪೋಟಿಯಿಂದ ಒಳನಾಡಿನವರನ್ನು ಕಾಪಾಡುವ ನೀತಿ) 'ಸಂರಕ್ಷಣಾವಾದ' ಅಂದರೆ ಕಾಡು, ಹುಲಿ ನೆನಪಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 2017ರಲ್ಲಿ ಕೇಂದ್ರ ಸರ್ಕಾರ ವರ್ಷಕ್ಕೆ 2 ಲಕ್ಷ ಟನ್‌ಗಿಂತ ಜಾಸ್ತಿ ತೊಗರಿ ಹೊರಗಿನಿಂದ ತರಬಾರದು ಎಂದು ಮಿತಿ (ಕೋಟಾ) ಹಾಕಿತು. ಅದು ಸುಂಕ ಅಲ್ಲ, ಆದರೂ ತಡೆಯೇ, ಅಂದರೆ ನಾನ್-ಟ್ಯಾರಿಫ್ ಬ್ಯಾರಿಯರ್. ಕರಡಿನಲ್ಲಿ ಅದನ್ನು 'ಸುಂಕರಹಿತ ತಡೆ' ಅಂತ ಬರೆದಿದ್ದಾರೆ. 2021ರಲ್ಲಿ ಆ ಮಿತಿ ಹೋಯಿತು, 2023ರಲ್ಲಿ ಶೇ 10ರ ಸುಂಕವೂ ಹೋಯಿತು, ಅದಕ್ಕೂ 'ಸುಂಕರಹಿತ ಆಮದು' ಅಂತ ಕೆಳಗಿನ ಸಾಲಿನಲ್ಲೇ ಇದೆ. ಓದುವವರಿಗೆ ಏನು ತಿಳಿಯಬೇಕು?

ಬೀದರ್‌ನಿಂದ:
'ಸುಂಕೇತರ ತಡೆ'. ಮುಗಿಯಿತು.

ಯಾದಗಿರಿಯಿಂದ:
'ಇತರ' ಯಾಕ್ರೀ ಸುಮ್ನೆ, 'ಸುಂಕವಲ್ಲದ ತಡೆ' ಇದೆಯಲ್ಲ. ಪ್ರೊಟೆಕ್ಷನಿಸಂಗೆ 'ಒಳಗಾಪು' ಅನ್ನಿ, ಒಳಗಿನವರಿಗೆ ಕಾಪು ಅಂತ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಅಂತ ಎಷ್ಟು ಬಗೆಯ ಸುಂಕ ಇವೆ ನೋಡಿ. ಇಂಥ ಅಚ್ಚಗನ್ನಡ ನಮ್ಮ ನೆಲದಲ್ಲೇ ಇರುವಾಗ ಸಂಸ್ಕೃತದ ಸಾಲ ಬೇಡ.

ಬೀದರ್‌ನಿಂದ:
ಸುಂಕ ಅಚ್ಚಗನ್ನಡವಾ? ಸಂಸ್ಕೃತದ ಶುಲ್ಕ, ಪ್ರಾಕೃತದಲ್ಲಿ ಸುಂಕ ಆಗಿ ಬಂದದ್ದು. ಅದನ್ನೂ ಅಳಿಸಿಬಿಡಿ ಹಾಗಾದರೆ. 'ಒಳಗಾಪು' ಅಂದರೆ ಒಳಗೆ ಹಾಕುವ ಬಟ್ಟೆ ಇರಬೇಕು ಅಂತಾರೆ ನಮ್ಮ ಕಡೆ ಜನ. ನಿಜಾಮರ ಕಾಲದಲ್ಲಿ ಇಲ್ಲಿ ಸುಂಕದ ಇಲಾಖೆಯ ಹೆಸರೇ ಕರೋಡಗಿರಿ. ಹಳಬರ ಬಾಯಲ್ಲಿ ಇದ್ದದ್ದು ಜಕಾತಿ.

ಯಾದಗಿರಿಯಿಂದ:
ಜಕಾತಿ ಅರಬಿ. ಸುಂಕ ಸಾವಿರ ವರ್ಷದಿಂದ ಇದೆ, ಹಾಗಾಗಿ ನಮ್ಮದು.

ಬೀದರ್‌ನಿಂದ:
ಜಕಾತಿ ನಮ್ಮದಾಗಲು ಇನ್ನೆಷ್ಟು ವರ್ಷ ಕಾಯಬೇಕು, ಅದನ್ನೂ ಹೇಳಿಬಿಡಿ.

ಕಲಬುರಗಿಯಿಂದ:
ನೀವಿಬ್ಬರೂ ಜಗಳ ಮುಂದುವರಿಸಿ, ನನಗೆ 'ಸುಂಕವಲ್ಲದ ತಡೆ' ಸಾಕು. ಪ್ರೊಟೆಕ್ಷನಿಸಂಗೆ 'ಹೊರಗಿನ ಮಾಲು ತಡೆಯುವ ನೀತಿ' ಅಂತ ಹಾಕುತ್ತೇನೆ.

ಬೀದರ್‌ನಿಂದ:
ಅರ್ಧ ಸರಿ. ಹೊರಗಿನದನ್ನು ತಡೆಯದೆ ಒಳಗಿನವರಿಗೆ ಸಬ್ಸಿಡಿ ಕೊಟ್ಟರೂ ಅದು ಪ್ರೊಟೆಕ್ಷನಿಸಮ್ಮೇ ಅಲ್ವಾ? 'ಒಳನಾಡಿನ ಮಾಲಿಗೆ ಆಸರೆಯ ನೀತಿ' ಅನ್ನಿ.

ಯಾದಗಿರಿಯಿಂದ:
ಸಬ್ಸಿಡಿಗೂ ಕನ್ನಡ ಇದೆ.

ಕಲಬುರಗಿಯಿಂದ:
'ಆಸರೆ' ತೆಗೆದುಕೊಂಡೆ. 'ಕೋಟಾ'ಗೆ ಮಾತ್ರ ಯಾರೂ ಪದ ಹುಡುಕಬೇಡಿ ದಯವಿಟ್ಟು. ಅದು ಕೋಟಾ ಅಂತಲೇ ಅಚ್ಚಾಗುತ್ತದೆ.