ಅಪ್‌ಡೇಟ್: ಮನೆಯಿಂದಲೂ ಫುಲ್ ಟೆಕ್ಸ್ಟ್ ತೆರೆಯಿತು

ಕ್ಯಾಂಪಸ್ ವೈಫೈಯಲ್ಲಿ ತೆರೆಯುವ ಸೈನ್ಸ್‌ಡೈರೆಕ್ಟ್ (ಸಂಶೋಧನಾ ಜರ್ನಲ್‌ಗಳ ಸೈಟ್) ಲೇಖನ ಉಡುಪಿಯ ಮನೆಯಲ್ಲಿ ಮಾತ್ರ ದುಡ್ಡು ಕೇಳುತ್ತದೆ, ಯಾಕೆ ಅಂತ ಕೇಳಿದ್ದೆ. ಈಗ ಸರಿಯಾಗಿದೆ, ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಕ್ಯಾಂಪಸ್ಸಿನೊಳಗೆ ಐಪಿ ವಿಳಾಸ (ನೆಟ್‌ವರ್ಕಿನ ಗುರುತು ಸಂಖ್ಯೆ) ನೋಡಿ ಸೈಟ್ ಒಳಗೆ ಬಿಡುತ್ತದೆ. ಹೊರಗಿನಿಂದ ಇನ್ಫೆಡ್ (ಸಂಸ್ಥೆಯ ಚಂದಾ ಹೊರಗಿನಿಂದ ಬಳಸಲು ಇರುವ ಲಾಗಿನ್ ವ್ಯವಸ್ಥೆ) ಲಾಗಿನ್ ಬೇಕು. ಲೈಬ್ರರಿ ಕಾರ್ಡ್ ನಂಬರ್ ಅಲ್ಲ, ಇದು ಬೇರೆಯೇ ಖಾತೆ. ಲೈಬ್ರರಿಯವರು ಅದನ್ನು ಚಾಲೂ ಮಾಡುವ ತನಕ ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದರೂ ಅಷ್ಟೆ. ಆಮೇಲೆ ಲೇಖನದ ಪುಟದಲ್ಲೇ ಸಂಸ್ಥೆಯ ಮೂಲಕ ಲಾಗಿನ್ ಆಗುವ ಬಟನ್ ಒತ್ತಿ, ಸಂಸ್ಥೆಯ ಹೆಸರು ಆರಿಸಿ. ಉದಾಹರಣೆಗೆ, ಹೆಸರಲ್ಲಿ 'ಮಂಗಳೂರು' ಹಾಕಿ ಸಿಗದಿದ್ದರೆ 'ಮ್ಯಾಂಗಲೋರ್' ಹಾಕಿ ನೋಡಿ.

ಲಾಗಿನ್ ಆದ ಮೇಲೂ ಬೀಗ ಕಂಡರೆ ಬಹುಶಃ ಆ ಜರ್ನಲ್ ಚಂದಾದಲ್ಲೇ ಇಲ್ಲ. 2025ರ ಜನವರಿಯಲ್ಲಿ ಶುರುವಾದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' (ದೇಶಕ್ಕೆಲ್ಲ ಒಂದೇ ಜರ್ನಲ್ ಚಂದಾ ಎಂಬ ಕೇಂದ್ರದ ಯೋಜನೆ) ಮೊದಲ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿ ಕಾಲೇಜಿನವರು ಅದನ್ನೇ ನಂಬಿ ಕೂರಬೇಡಿ. ಬ್ರೌಸರಿಗೆ ಅನ್‌ಪೇವಾಲ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ಮುಕ್ತವಾಗಿಟ್ಟ ಪ್ರತಿ ಇದ್ದರೆ ತೋರಿಸುತ್ತದೆ.